ಶಾಣ್ಯಾಕಿಗೆ ಸಿನಿಮಾದಾಗ ಯಾಕ ಬುದ್ಧಿ ಕಲಸ್ತಾರ?

ಗೋಕಾಕದ ತಂಗಿ, ಡಬ್ಲಿನ್: ನಮಸ್ಕಾರ್ರೀ. 12 ವರ್ಷದ ಮಗಳಿಗೆ ಭಾಷಾ ಬರ್ಲಿ ಅಂತ ಶನಿವಾರಕ್ಕೊಂದು ಕನ್ನಡ ಸಿನಿಮಾ ಹಚ್ಚತೇವಿ. "ಶಾಣ್ಯಾ ಹುಡುಗಿ ಯಾವಾಗ್ಲೂ ಯಾಕ ಜಂಬದಾಕಿ? ಹೀರೋ ಸೊಕ್ಕು ಮುರದ ಮ್ಯಾಲೆ ಅಷ್ಟ ಯಾಕ ಒಳ್ಳೇಕಿ?" ಅಂತಾಳ. ಏನ್ ಹೇಳೂದು?

ಜಮಖಂಡಿ ಕಾಕಾ, ಟೊರೊಂಟೊ: ವರ್ಷಾ ರಜಾಕ್ಕ ಊರಿಗೆ ಕಳಸ್ರಿ. ಎರಡು ತಿಂಗಳು ಅಜ್ಜಿ ಮನ್ಯಾಗ ಇದ್ರ ಇಂಥಾ ಪ್ರಶ್ನೇನಽ ಬರೂದಿಲ್ಲ.

ಅಥಣಿ ಅಕ್ಕ, ಡಲ್ಲಾಸ್: ಕಾಕಾ, ಎಲ್ಲಾ ಜಡ್ಡಿಗೂ ಒಂದಽ ಗುಳಗಿ ನಿಮ್ದು. ತಂಗಿ, 1989ರ 'ನಂಜುಂಡಿ ಕಲ್ಯಾಣ' ಪರ್ವತವಾಣಿಯವರ 'ಬಹದ್ದೂರ್ ಗಂಡ' ನಾಟಕದ್ದು. ಆ ನಾಟಕ ಶೇಕ್ಸ್‌ಪಿಯರನ 'ದಿ ಟೇಮಿಂಗ್ ಆಫ್ ದಿ ಶ್ರೂ' ನಾಟಕದ ರೂಪಾಂತರ. ಗಯ್ಯಾಳಿನ ಪಳಗಸೂ ಈ ಅಚ್ಚು ನಾನೂರು ವರ್ಷ ಹಳೇದು, ಅದರಾಗಽ ಕಾಲೇಜು, ರ‍್ಯಾಂಕು ಹಾಕಿ ಎರಕಾ ಹೊಯ್ತಾರ. ಶಾಲ್ಯಾಗ ಶೇಕ್ಸ್‌ಪಿಯರ್ ಬಂದಾಗ ಜೋಡಿಸಿ ತೋರಸ್ರಿ.

ಸಿನಿಮಾ ನಡಬರಕ ನಿಲ್ಲಿಸಿ ಭಾಷಣ ಹೊಡೀಬ್ಯಾಡ್ರಿ, ಮುಂದಿನ ಶನಿವಾರ ಹುಡುಗಿ ಇಯರ್‌ಫೋನ್ ಹಾಕ್ಕೊಂಡು ಕೋಣಿ ಸೇರತಾಳ. ಒಂದು ಚೀಟಿ ಕೊಡ್ರಿ, ಮೂರಽ ಲೆಕ್ಕ. ಹೀರೋಯಿನ್ ಶಾಣ್ಯಾಕಿ ಅಂತ ಬಾಯಿಲೆ ಹೇಳಿದ್ದು ಎಷ್ಟು ಸಲ. ಅಕಿ ಬುದ್ಧಿಯಿಂದ ಕಥಿ ತಿರುಗಿದ್ದು ಎಷ್ಟು ಸಲ. ಕಡೀ 20 ನಿಮಿಷದಾಗ ಅಕಿ ಎಲ್ಲಿದ್ಲು. ಭಾಳ ಸಿನಿಮಾದಾಗ ಮೊದಲನೇ ಸಾಲು ತುಂಬತೈತಿ, ಎರಡನೇದು ಖಾಲಿ, ಮೂರನೇದ್ರಾಗ ಅಕಿನ್ನ ಕುರ್ಚಿಗೆ ಕಟ್ಟಿರ್ತಾರ. ಮಾತು ಮರುದಿನ, ಕಾರಿನ್ಯಾಗ.

ಸಿನಿಮಾದಾಗ ಹಾಡು ಇದ್ರ ಟ್ಯೂನ್ ಬಿಟ್ಟು ಬರೇ ಸಾಹಿತ್ಯ ಓದಸ್ರಿ. ಡ್ರಮ್ ಹೋದ್ ಕೂಡ್ಲೇ ಹೊಗಳಿಕೆ ಯಾವ್ದು, ಹೀಯಾಳಿಕೆ ಯಾವ್ದು ಮಗಳಿಗೇ ತಿಳೀತೈತಿ. ವಯಸ್ಸಿನ ಸೆನ್ಸಾರ್ ಸರ್ಟಿಫಿಕೇಟ್ ನೆಚ್ಚಬ್ಯಾಡ್ರಿ. 2024ರ ನಿಯಮದಾಗ ಯುಎ 7+, 13+, 16+ ಅಂತ ಬಂದಾವು; ಹುಡುಗಿಗೆ ಮರ್ಯಾದಿ ಐತೋ ಇಲ್ಲೋ ಅನ್ನೂದು ಅದರಾಗ ಕಾಣೂದಿಲ್ಲ. 1971ರ 'ಶರಪಂಜರ', ಹೆಣ್ಣಿನ ಮನೋರೋಗದ ಕಥಿ, ತೋರಸೂದಿದ್ರ ಇನ್ನೂ ನಾಕು ವರ್ಷ ತಡೀರಿ.

ಇಂಡಿ ಮಾಮಾ, ಸಿಡ್ನಿ: ಸಿನಿಮಾನಽ ಯಾಕ ಬೇಕ್ರೀ? ಗೀಗೀ ಪದದಾಗ ಹರದೇಶಿ–ನಾಗೇಶಿ ಇಲ್ಲೇನು? ಗಂಡು ಹೆಚ್ಚು ಅಂತ ಹರದೇಶಿ, ಹೆಣ್ಣು ಹೆಚ್ಚು ಅಂತ ನಾಗೇಶಿ. ಹೆಣ್ಣಮಗಳು ನಿಂತು ಸವಾಲಿಗೆ ಸವಾಲು ಒಗದ್ರ ಎದುರಿನಾಂವ ಬೆವರಬೇಕು! 1931ರಾಗಽ ಹಲಸಂಗಿ ಗೆಳೆಯರು ಹೆಣ್ಣಮಕ್ಕಳ ಜನಪದ ಹಾಡು ಕೂಡಿಸಿ 'ಗರತಿಯ ಹಾಡು' ತಂದಾರ. ಬಿಸೂಕಲ್ಲಿನ ಮುಂದ ಹುಟ್ಟಿದ ಜಾಣತನ ಅದು. ಸಿನಿಮಾ ಬಂದ್ ಮಾಡ್ರಿ, ಇದನ್ನ ಹಚ್ರಿ. ಮುಗೀತು.

ಅಥಣಿ ಅಕ್ಕ, ಡಲ್ಲಾಸ್: ಖರೆ ಮಾಮಾ, ಆದ್ರ ಆ ಸವಾಲು ಪುರಾಣದ ಒಗಟು. ಡಬ್ಲಿನ್ ಹುಡುಗಿಗೆ ಸಬ್‌ಟೈಟಲ್ ಇಲ್ದ ಏನ್ ತಿಳೀಬೇಕು? ಹತ್ತು ನಿಮಿಷದ ತುಣುಕು ಆರಿಸಿ, ಸವಾಲಿನ ಅರ್ಥ ಮೊದಲಽ ಹೇಳಿ ಕೇಳಸ್ರಿ.

ಇಂಡಿ ಮಾಮಾ, ಸಿಡ್ನಿ: ತುಣುಕು ಕೇಳೂದಂದ್ರ ಹೋಳಿಗಿ ಬಿಟ್ಟು ಹೂರಣಾ ನೆಕ್ಕಿದಂಗ.

ಮುಧೋಳ ತಮ್ಮ, ಮ್ಯೂನಿಕ್: ಎಲ್ಲಾರೂ 'ಶ್ರೀಕೃಷ್ಣ ಪಾರಿಜಾತ' ಬಯಲಾಟ ಮರ್ತ್ರಿ! ಸತ್ಯಭಾಮಾನ ಮಾತಿನ ಮುಂದ ಯಾವ ಹೀರೋಯಿನ್ನು? ನಮ್ಮ ಬಾಗಲಕೋಟಿ ಕಡೀ ಆಟ.

ಅಥಣಿ ಅಕ್ಕ, ಡಲ್ಲಾಸ್: ಆ ಆಟಕ್ಕ ರೂಪ ಕೊಟ್ಟ ಕುಲಗೋಡ ತಮ್ಮಣ್ಣ ಬೆಳಗಾವಿ ಜಿಲ್ಲೇದಾಂವಪಾ.

ಇಂಡಿ ಮಾಮಾ, ಸಿಡ್ನಿ: ಪಾರಿಜಾತದಾಗ ಬರೇ ಸವತಿ ಮತ್ಸರ. ನಾಗೇಶಿ ಮುಂದ ಅದು ಏನೂ ಅಲ್ಲ.

ಗೋಕಾಕದ ತಂಗಿ, ಡಬ್ಲಿನ್: ಅಕ್ಕಾರ, ಚೀಟಿದು ಕೇಳ್ಬೇಕಿತ್ತು. ಕಡೀ 20 ನಿಮಿಷ ಅಂದ್ರ ಕಡೀ ಹಾಡೂ ಸೇರಿಸಿ ಎಣಸೂದೋ, ಬಿಟ್ಟೋ?

ಮುಧೋಳ ತಮ್ಮ, ಮ್ಯೂನಿಕ್: ಮತ್ಸರಾ? ಮಾಮಾ, ಆಟ ಪೂರ್ತಿ ನೋಡೀರೇನು ನೀವು?