ಬಿಕಾಂ ಪಾಠದೊಳಗೇ ಊರಿನ ಕೆಲಸ ತರೋದು ಹೇಗೆ? ಮಾಡಿದವರು ಹೇಳಿ

ಪ್ರಶ್ನೆ (ವಾಣಿಜ್ಯ ಉಪನ್ಯಾಸಕಿ, ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು)

ಎರಡನೇ ವರ್ಷದ ಬಿಕಾಂ ಮಕ್ಕಳಿಗೆ ಈ ಸಲ ಜನರಿಗೆ ನಿಜವಾಗಿ ಉಪಯೋಗಕ್ಕೆ ಬರೋ ಒಂದು ಕೆಲಸವನ್ನ ಪಾಠದ ಭಾಗವಾಗಿಯೇ ಕೊಡಬೇಕು ಅಂತಿದ್ದೀನಿ. ಬಹುಪಾಲು ಮಕ್ಕಳು ಹಳ್ಳಿಯಿಂದ ಬಸ್ಸಲ್ಲಿ ಬರೋರು. ಸಂಜೆ ಬಸ್ ತಪ್ಪಿದರೆ ಹೆಣ್ಣುಮಕ್ಕಳ ಮನೆಯಿಂದ ನನಗೇ ಫೋನ್. ಸಿಲಬಸ್ ಮುಗಿಸೋದೇ ಕಷ್ಟ. ಯಾವ ಕೆಲಸ ಕೊಡಬಹುದು, ಅಂಕ ಹೇಗೆ ಹಾಕಬೇಕು?

ಎನ್ನೆಸ್ಸೆಸ್ ಅಧಿಕಾರಿ, ಮೈಸೂರು ಕಡೆ

ಮೊದಲು ಒಂದು ಮಾತು ಮೇಡಂ. ಇದನ್ನ ಎನ್ನೆಸ್ಸೆಸ್ ಜೊತೆ ಬೆರೆಸಬೇಡಿ. ನಮ್ಮದು 1969ರಿಂದ ಬಂದ ಪದ್ಧತಿ: ಎರಡು ವರ್ಷಕ್ಕೆ 240 ಗಂಟೆ, ಮೇಲೆ ಏಳು ದಿನದ ಶಿಬಿರ. ಅಲ್ಲಿ ಬಿಕಾಂ ಹುಡುಗನೂ ಚರಂಡಿ ತೆಗೀತಾನೆ, ಬಿಎಸ್ಸಿ ಹುಡುಗನೂ ಚರಂಡಿ ತೆಗೀತಾನೆ. ನೀವು ಕೇಳ್ತಿರೋದು ಬಿಕಾಂ ಹುಡುಗನೇ ಮಾಡಬೇಕಾದ ಕೆಲಸ. ಪ್ರಾಂಶುಪಾಲರು ಆಧಾರ ಕೇಳಿದರೆ ಯುಜಿಸಿಯ ಸಾಮಾಜಿಕ ಹೊಣೆಗಾರಿಕೆಯ ಚೌಕಟ್ಟು ಇದೆ, 2 ಕ್ರೆಡಿಟ್‌ನದು, ಅದರಲ್ಲಿ ಅರ್ಧ ಕ್ಷೇತ್ರಕಾರ್ಯ. ಅದನ್ನ ತೋರಿಸಿ.

ಅಕೌಂಟೆನ್ಸಿ, ತುಮಕೂರು ಜಿಲ್ಲೆ

ನಾವು ಹಿಡಿದದ್ದು ಮಹಿಳಾ ಸ್ವಸಹಾಯ ಸಂಘಗಳ ಲೆಕ್ಕ. ಸಂಘ ಇಲ್ಲದ ಹಳ್ಳಿ ಹುಡುಕೋದು ಕಷ್ಟ, ಹಾಗಾಗಿ ಮಕ್ಕಳನ್ನ ಎಲ್ಲಿಗೂ ಕರಕೊಂಡು ಹೋಗಬೇಕಿಲ್ಲ. ಸಭೆ ನಡೆಯೋದು ಸಾಮಾನ್ಯವಾಗಿ ಕೂಲಿ ಮುಗಿದ ಮೇಲೆ ಸಂಜೆ. ಅಷ್ಟೊತ್ತಿಗೆ ಹುಡುಗಿ ಬಸ್ಸಿಳಿದು ಊರಲ್ಲೇ ಇರ್ತಾಳೆ. ನಿಮ್ಮ ಬಸ್ಸಿನ ಚಿಂತೆ ಅಲ್ಲಿಗೆ ಮುಗೀತು.

ನಡಾವಳಿ ಪುಸ್ತಕ, ನಗದು ಪುಸ್ತಕ, ಉಳಿತಾಯದ ಮತ್ತು ಸಾಲದ ಲೆಡ್ಜರ್, ಸದಸ್ಯೆಯರ ಪಾಸ್‌ಬುಕ್. ಇವು ಒಂದಕ್ಕೊಂದು ತಾಳೆ ಆಗ್ತವಾ ನೋಡೋದು ಮೊದಲ ಕೆಲಸ. ನಿಜವಾದ ಪಾಠ ಇರೋದು ಬಡ್ಡಿಯಲ್ಲಿ. 10,000 ಸಾಲ, ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ, ಹತ್ತು ಕಂತು ಅಂದುಕೊಳ್ಳಿ. ಪ್ರತಿ ತಿಂಗಳೂ ಪೂರ್ತಿ ಅಸಲಿನ ಮೇಲೆ ಹಾಕಿದರೆ ಬಡ್ಡಿ 2,000. ಉಳಿದ ಬಾಕಿಯ ಮೇಲೆ ಹಾಕಿದರೆ 1,100. ತರಗತಿಯಲ್ಲಿ ಬೋರ್ಡ್ ಮೇಲೆ ಮಾಡಿಸಿದರೆ ಆಕಳಿಸೋ ಹುಡುಗರೇ ಸಭೆಯಲ್ಲಿ ಒಬ್ಬಮ್ಮ ‘ನನ್ನದು ಯಾವ ಲೆಕ್ಕ ಮಗಾ?’ ಅಂತ ಕೇಳಿದಾಗ ನೆಟ್ಟಗೆ ಕೂತ್ಕೋತಾರೆ. ಆ 900 ರೂಪಾಯಿ ಯಾರ ಜೇಬಿಗೂ ಹೋಗಿರಬೇಕೆಂದಿಲ್ಲ, ಸಂಘದ ನಿಧಿಯಲ್ಲೇ ಇರಬಹುದು. ಅದನ್ನೂ ಮಕ್ಕಳಿಗೆ ಮೊದಲೇ ಹೇಳಿ ಕಳಿಸಿ, ಇಲ್ಲದಿದ್ದರೆ ಪತ್ತೇದಾರರ ಥರ ಹೋಗಿ ಊರಲ್ಲಿ ಜಗಳ ಹಚ್ಚಿ ಬರ್ತಾರೆ.

ಕೆಲವು ವಿಷಯದಲ್ಲಿ ನಾನು ಕಟ್ಟುನಿಟ್ಟು. ಅಮ್ಮ, ಅತ್ತೆ, ದೊಡ್ಡಮ್ಮ ಇರೋ ಸಂಘ ಬೇಡ, ಅದೇ ಊರಿನ ಇನ್ನೊಂದು ಸಂಘ ಸಾಕು. ಮಕ್ಕಳು ದುಡ್ಡು ಮುಟ್ಟಬಾರದು. ಮೂಲ ಪುಸ್ತಕದಲ್ಲಿ ಒಂದಕ್ಷರ ಬರೆಯಬಾರದು, ತಾಳೆಪಟ್ಟಿ ಬೇರೆ ಹಾಳೆಯಲ್ಲಿ. ತಿದ್ದೋದು ಸಂಘದವರ ಕೆಲಸ. ಸಂಜೀವಿನಿ (ಸರ್ಕಾರದ ಗ್ರಾಮೀಣ ಜೀವನೋಪಾಯ ಯೋಜನೆ) ಒಕ್ಕೂಟಕ್ಕೆ ಸೇರಿದ ಸಂಘವಾದರೆ ಎಂಬಿಕೆ, ಅಂದರೆ ಸಂಘಗಳ ಲೆಕ್ಕದ ಪುಸ್ತಕ ನೋಡಿಕೊಳ್ಳೋರು, ಇರ್ತಾರೆ, ಮೊದಲು ಅವರ ಹತ್ತಿರ ಮಾತಾಡಿ. ‘ನನ್ನ ತಪ್ಪು ಹುಡುಕೋಕೆ ಬಂದ್ರು’ ಅಂತ ಅವರಿಗೆ ಅನ್ನಿಸಿದರೆ ಮುಂದೆ ಏನೂ ನಡೆಯಲ್ಲ. ಯಾರ ಸಾಲ ಎಷ್ಟು ಅನ್ನೋದು ಕಾಲೇಜಿಗೆ ಹೆಸರಿನ ಸಮೇತ ಬರಬಾರದು.

ಅಂಕಕ್ಕೆ ‘ನನ್ನ ಅನುಭವ’ ಅಂತ ನಾಲ್ಕು ಪುಟ ಬರೆಸಬೇಡಿ. ಒಬ್ಬಳು ಬರೆದದ್ದೇ ಎಲ್ಲರದೂ. ತಾಳೆಪಟ್ಟಿ ಮುಂದಿಟ್ಟುಕೊಂಡು ಐದು ನಿಮಿಷ ಬಾಯಿಮಾತಲ್ಲಿ ಕೇಳಿ: ಈ ವ್ಯತ್ಯಾಸ ಎಲ್ಲಿಂದ ಬಂತು, ಅದನ್ನ ಸಂಘದವರಿಗೆ ಹೇಗೆ ಹೇಳಿದೆ? ಹೋಗದೇ ಇದ್ದವರು ಅಲ್ಲೇ ಗೊತ್ತಾಗ್ತಾರೆ. ಹೊಸ ಕೆಲಸ ಅಂತ ಸೇರಿಸಬೇಡಿ, ಅಸೈನ್‌ಮೆಂಟ್ ಬದಲಿಗೆ ಇದು.

ರಸಾಯನಶಾಸ್ತ್ರ, ಕೋಲಾರ

ವಿಷಯ ಬೇರೆ, ಆದರೂ ಹೇಳ್ತೀನಿ. ನಮ್ಮ ಬಿಎಸ್ಸಿ ಮಕ್ಕಳು ತಮ್ಮೂರಿನ ಬೋರ್‌ವೆಲ್ ನೀರು ತರ್ತಾರೆ, ಲ್ಯಾಬಲ್ಲಿ ಗಡಸುತನ, ಫ್ಲೋರೈಡ್ ನೋಡ್ತೀವಿ. ಕುಡಿಯೋ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಪರೀಕ್ಷೆ ಸುಲಭ. ಹೆಚ್ಚು ಬಂದರೆ ಊರಿಗೆ ಏನು ಹೇಳ್ತೀರಿ ಅನ್ನೋದು ಕಷ್ಟ. ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ಆದರೆ ಜನ ಮೊದಲು ಮಾಡೋದೇ ಕಾಯಿಸೋದು. ನಾವು ಮಕ್ಕಳ ಕೈಲಿ ಫಲಿತಾಂಶ ಹೇಳಿಸೋ ಮೊದಲು ಸರ್ಕಾರಿ ಪ್ರಯೋಗಾಲಯದಲ್ಲಿ ಇನ್ನೊಮ್ಮೆ ನೋಡಿಸಿ, ಪಂಚಾಯ್ತಿಗೆ ಕನ್ನಡದಲ್ಲಿ ಒಂದು ಪುಟದ ಪತ್ರ ಕೊಡ್ತೀವಿ. ನಿಮ್ಮ ತಾಳೆಪಟ್ಟಿಗೂ ಇಂಥ ಒಂದು ಪುಟ ಬೇಕು. ಊರಿಂದ ಮಾಹಿತಿ ತಂದು ಊರಿಗೆ ಏನೂ ಕೊಡದೇ ಇದ್ದರೆ ಅದು ಬರೀ ಪ್ರಾಕ್ಟಿಕಲ್.

ಎಂಜಿನಿಯರಿಂಗ್ ಕಾಲೇಜು, ಬೆಂಗಳೂರು

ನಮಗೆ ವಿಟಿಯು ಸಿಲಬಸ್ಸಲ್ಲೇ ಮೂರನೇ ಸೆಮಿಸ್ಟರಿಗೆ 1 ಕ್ರೆಡಿಟ್‌ನ ಪೇಪರ್ ಇದೆ: ಗಿಡ ದತ್ತು, ಪಾರಂಪರಿಕ ನಡಿಗೆ, ಸಾವಯವ ಕೃಷಿ, ನೀರಿನ ಸಂರಕ್ಷಣೆ, ಊಟದ ನಡಿಗೆ. ಊಟದ ನಡಿಗೆಗೆ ಹಾಜರಿ ಭರ್ಜರಿ! ಅದರಲ್ಲಿ ಸೇವೆ ಎಲ್ಲಿದೆ ಅಂತ ಮಾತ್ರ ಕೇಳಬೇಡಿ. ತುಮಕೂರಿನವರು ಹೇಳಿದ್ದು ಇದಕ್ಕಿಂತ ಮೇಲು.

ಕನ್ನಡ ವಿಭಾಗ, ಧಾರವಾಡ

ನಮ್ಮ ಹುಡುಗರು ನಾಡಕಚೇರಿ ಮುಂದ ಕುಂತು ವಯಸ್ಸಾದವ್ರಿಗೆ ಸಂಧ್ಯಾ ಸುರಕ್ಷಾ, ವಿಧವಾ ವೇತನದ ಅರ್ಜಿ ಬರಕೊಡ್ತಾರ‍್ರಿ. ಪತ್ರವ್ಯವಹಾರದ ಪಾಠ ಅಲ್ಲೇ ಆಗ್ತದ. ಒಂದ ಲಕ್ಷ್ಯ ಇಡ್ರಿ: ಅಲ್ಲಿ ರೊಕ್ಕಕ್ಕ ಅರ್ಜಿ ಬರಿಯೋರು ಇರ್ತಾರ, ಅವರ ಹೊಟ್ಟಿ ಮ್ಯಾಲೆ ಹೊಡದಂಗ ಆಗಬಾರ್ದು. ನಾವು ಅವರನ್ನ ಮಾತಾಡ್ಸಿ, ತೀರಾ ರೊಕ್ಕ ಇಲ್ಲದವರನ್ನಷ್ಟ ನಮ್ಮ ಕಡೆ ಕಳಸ್ರಿ ಅಂದ್ವಿ. ಅವರ ನಮ್ಮ ಹುಡುಗರಿಗೆ ಅರ್ಜಿ ಬರಿಯೋದು ಕಲಿಸಿದ್ರು ನೋಡ್ರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಸಂಘದ ಲೆಕ್ಕವೇ ಸರಿ ಅನ್ನಿಸ್ತಿದೆ. ಪೇಟೆಯಲ್ಲೇ ಇರೋ ಹುಡುಗರೂ ಕೆಲವರು ಇದ್ದಾರೆ, ಸಂಜೆ ಹೊತ್ತು ಅಂಗಡಿಗಳಲ್ಲಿ ಕೆಲಸ ಮಾಡೋರು. ಅವರಿಗೆ?

ಅಕೌಂಟೆನ್ಸಿ, ತುಮಕೂರು ಜಿಲ್ಲೆ

ತರಕಾರಿ ಗಾಡಿಯವರ ದಿನದ ಲೆಕ್ಕ. ಬೆಳಿಗ್ಗೆ 900 ಈಸ್ಕೊಂಡು ಸಂಜೆ 1,000 ಕೊಡೋರು ಈಗಲೂ ಇದ್ದಾರೆ. ದಿನಕ್ಕೆ ನೂರಕ್ಕೆ 11 ರೂಪಾಯಿ ಮೇಲಾಯ್ತು. ಬ್ಯಾಂಕಿಂದ ಬೀದಿ ವ್ಯಾಪಾರಿಗಳ ಸಾಲ, ಅಂದರೆ ಸ್ವನಿಧಿ, ಸಿಗುತ್ತಾ ವಿಚಾರಿಸಿ ಅರ್ಜಿ ತುಂಬಿಸೋವರೆಗೂ ಹುಡುಗರು ಮಾಡಬಹುದು. ಬೆಳಗಿನ ವ್ಯಾಪಾರದ ಹೊತ್ತಲ್ಲಿ ಕಳಿಸಬೇಡಿ, ಬೈಸ್ಕೋತಾರೆ. ಮಧ್ಯಾಹ್ನ ಗಿರಾಕಿ ಕಡಿಮೆ ಆದಾಗ ಹೋಗಿ, ಏನಾದರೂ ಕೊಂಡುಕೊಂಡು ಮಾತಿಗೆ ಕೂರಲಿ.