ಅಮ್ಮನ ಕಣ್ಣು ತೋರಿಸುವುದು ಯಾರಿಗೆ: ಆಪ್ಟೊಮೆಟ್ರಿಸ್ಟರಿಗೋ, ಕಣ್ಣಿನ ವೈದ್ಯರಿಗೋ?

ಶರಾವತಿ ತೀರ:
ಅಮ್ಮ ಸಾಗರದಲ್ಲಿದ್ದಾರೆ, ವಯಸ್ಸು 58. ಸಕ್ಕರೆ ಕಾಯಿಲೆ ಶುರುವಾಗಿ ಹತ್ತು ವರ್ಷದ ಮೇಲಾಯಿತು. ದೀಪಾವಳಿ ಹೊತ್ತಿಗೆ ಹೊಸ ಕನ್ನಡಕ ಮಾಡಿಸಿದ್ದೆವು. ಯುಗಾದಿ ಬರುವಷ್ಟರಲ್ಲಿ ಅದನ್ನು ಹಾಕಿಕೊಂಡರೂ ಬಸ್ಸಿನ ಬೋರ್ಡು ಮಂಜಾಗಿ ಕಾಣುತ್ತದೆ ಎನ್ನತೊಡಗಿದರು. ವಿಚಿತ್ರವೆಂದರೆ, ಕನ್ನಡಕ ತೆಗೆದಿಟ್ಟು ಪಂಚಾಂಗದ ಸಣ್ಣ ಅಕ್ಷರ ಓದುತ್ತಾರೆ. ಹೂ ಕಟ್ಟುವಾಗಲೂ ಈಗ ಕನ್ನಡಕ ಬೇಡವಂತೆ. "ನನ್ನ ಕಣ್ಣು ಸರಿಹೋಗುತ್ತಿದೆ ಕಣೋ" ಎಂದು ಖುಷಿಯಾಗಿದ್ದಾರೆ.

ಪೇಟೆಯಲ್ಲಿ ಹೊಸದಾಗಿ ತೆರೆದಿರುವ ಕನ್ನಡಕದ ಅಂಗಡಿಯಲ್ಲಿ ಆಪ್ಟೊಮೆಟ್ರಿಸ್ಟ್, ಅಂದರೆ ದೃಷ್ಟಿ ಅಳೆದು ಕನ್ನಡಕದ ನಂಬರು ಕೊಡುವವರು, ಒಬ್ಬರಿದ್ದಾರೆ. ಸಮಾಧಾನವಾಗಿ ನೋಡುತ್ತಾರೆ, ಪರೀಕ್ಷೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಕಣ್ಣಿನ ವೈದ್ಯರೆಂದರೆ ಶಿವಮೊಗ್ಗಕ್ಕೆ ಹೋಗಬೇಕು, ಒಂದಿಡೀ ದಿನ ಬೇಕು. "ನಂಬರು ನೋಡಿಸುವುದಕ್ಕೆ ಅಷ್ಟು ದೂರ ಯಾಕೆ?" ಎನ್ನುತ್ತಾರೆ ಅಮ್ಮ. ನಾನಿರುವುದು ಬೆಂಗಳೂರಿನಲ್ಲಿ. ಅಂಗಡಿಯಲ್ಲೇ ತೋರಿಸಿದರೆ ಸಾಕೇ?

ಕೆಂಪುಮಣ್ಣು:
ಸಾಕು ಎಂದೇ ನನ್ನ ಅಭಿಪ್ರಾಯ. ನಾನು ಹಲವು ವರ್ಷಗಳಿಂದ ಒಬ್ಬರೇ ಆಪ್ಟೊಮೆಟ್ರಿಸ್ಟರಲ್ಲಿ ನಂಬರು ನೋಡಿಸುತ್ತಿದ್ದೇನೆ, ಒಮ್ಮೆಯೂ ಹೆಚ್ಚುಕಡಿಮೆ ಆಗಿಲ್ಲ. ಆಸ್ಪತ್ರೆಗೆ ಹೋದರೂ ಅಕ್ಷರ ಓದಿಸಿ ನಂಬರು ಬರೆಯುವವರು ಆಪ್ಟೊಮೆಟ್ರಿಸ್ಟರೇ ತಾನೇ? ವಯಸ್ಸಾದವರನ್ನು ಬಸ್ಸಿನಲ್ಲಿ ಅಲೆಸುವುದೇಕೆ?

ಮಸೂರ:
ನಾನು ಆಪ್ಟೊಮೆಟ್ರಿಸ್ಟ್, ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಕೆಂಪುಮಣ್ಣು ಅವರು ನಮ್ಮ ವೃತ್ತಿಯ ಮೇಲೆ ಇಟ್ಟಿರುವ ನಂಬಿಕೆಗೆ ಸಂತೋಷ. ಆದರೂ ಈ ತಾಯಿಯವರನ್ನು ಮೊದಲು ಕಣ್ಣಿನ ವೈದ್ಯರಿಗೇ ತೋರಿಸಬೇಕು. ಕನ್ನಡಕದ ಮಾತು ಆಮೇಲೆ.

ನಮ್ಮದು ನಾಲ್ಕು ವರ್ಷದ ಪದವಿ, ಕೊನೆಯ ವರ್ಷ ಪೂರ್ತಿ ರೋಗಿಗಳ ನಡುವೆ ತರಬೇತಿ. ಕಣ್ಣಿನ ವೈದ್ಯರು ಐದೂವರೆ ವರ್ಷ ಎಂಬಿಬಿಎಸ್ ಮುಗಿಸಿ, ಅದರ ಮೇಲೆ ಮೂರು ವರ್ಷ ಕಣ್ಣನ್ನೇ ಓದಿ ಎಂಎಸ್ ಮಾಡಿರುತ್ತಾರೆ. ದೃಷ್ಟಿ ಅಳೆಯುವುದು, ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್ ನಮ್ಮ ಕೆಲಸ. ರೋಗ ನಿರ್ಧರಿಸಿ ಔಷಧಿ, ಲೇಸರ್, ಶಸ್ತ್ರಚಿಕಿತ್ಸೆ ಕೊಡುವುದು ಅವರದು. ಕಣ್ಣಿನಲ್ಲಿ ಏನೋ ಸರಿಯಿಲ್ಲವೆಂದು ಮೊದಲು ಗುರುತಿಸಿ ಅವರ ಬಳಿಗೆ ಕಳಿಸುವುದೂ ನಮ್ಮ ಕರ್ತವ್ಯವೇ.

ಒಂದು ವಿಷಯದಲ್ಲಿ ಮಾತ್ರ ನನಗೆ ಸಿಟ್ಟು ಬರುತ್ತದೆ. ಕಂಪ್ಯೂಟರ್ ಪರೀಕ್ಷೆಗೆ ಕುಳಿತಾಗ ಯಂತ್ರದೊಳಗೆ ಉದ್ದನೆಯ ರಸ್ತೆ, ಅದರ ಕೊನೆಯಲ್ಲಿ ಬಣ್ಣದ ಬಲೂನು ಕಾಣುತ್ತದಲ್ಲ, ಆ ಯಂತ್ರದಿಂದ ಬರುವ ಚೀಟಿ ಬರೀ ಅಂದಾಜು. ಅದಾದ ಮೇಲೆ ಭಾರದ ದುಂಡು ಫ್ರೇಮನ್ನು ಮೂಗಿನ ಮೇಲಿಟ್ಟು, ಒಂದೊಂದೇ ಗಾಜು ಬದಲಿಸಿ, ಸಿಲಿಂಡರಿನ ಕೋನ ತಿರುಗಿಸಿ, ಕೆಂಪು–ಹಸಿರು ಹಿನ್ನೆಲೆಯ ಅಕ್ಷರಗಳಲ್ಲಿ ಯಾವುದು ಹೆಚ್ಚು ಕಪ್ಪಾಗಿ ಕಾಣುತ್ತದೆಂದು ಕೇಳಿ, ಅದೇ ಫ್ರೇಮಿನಲ್ಲಿ ನಾಲ್ಕು ಹೆಜ್ಜೆ ನಡೆಸಿ ನೋಡಬೇಕು. ಚೀಟಿಯ ನಂಬರನ್ನೇ ನಕಲು ಮಾಡಿ ಗಾಜು ಕತ್ತರಿಸುವ ಅಂಗಡಿಗಳಿವೆ. ಅಲ್ಲಿ ಯಂತ್ರದ ಮುಂದೆ ಕೂತವರನ್ನೆಲ್ಲ ಜನ "ಡಾಕ್ಟರೇ" ಎನ್ನುತ್ತಾರೆ. ಪರೀಕ್ಷೆ ಮಾಡುವವರ ಓದು ಏನೆಂದು ಕೇಳಲು ಸಂಕೋಚ ಬೇಡ. ಓದಿ ಬಂದವರು ಸಂತೋಷದಿಂದಲೇ ಹೇಳುತ್ತಾರೆ.

ಇನ್ನು ತಾಯಿಯವರ ವಿಷಯ. ದೂರದ್ದು ಮಂಜಾಗಿ, ಹತ್ತಿರದ್ದು ಬರಿಗಣ್ಣಿಗೆ ಕಾಣುತ್ತಿದೆ ಎಂದಿರಲ್ಲ, ಅದನ್ನು ಓದಿಯೇ ನಾನು ಇಷ್ಟು ಉದ್ದ ಬರೆಯುತ್ತಿರುವುದು. ಪೊರೆ ಕೆಲವರಿಗೆ ಕಣ್ಣಿನೊಳಗಿನ ಮಸೂರದ ನಟ್ಟನಡುವೆ ಶುರುವಾಗುತ್ತದೆ. ನಡುಭಾಗ ಗಟ್ಟಿಯಾದಂತೆ ಬೆಳಕು ಹೆಚ್ಚು ಬಾಗಿ, ಕಣ್ಣಿಗೆ ಮೈನಸ್ ನಂಬರು ಬರುತ್ತದೆ. ಆಗ ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಡ, ಬಸ್ಸಿನ ಬೋರ್ಡು ಮಾತ್ರ ಕಾಣದು. ಇನ್ನೊಂದು ಸಾಧ್ಯತೆ, ರಕ್ತದಲ್ಲಿ ಸಕ್ಕರೆ ಏರಿರುವುದು. ಸಕ್ಕರೆ ಏರಿದರೆ ಮಸೂರ ಊದಿಕೊಂಡು ನಂಬರು ಬದಲಾಗುತ್ತದೆ, ಇಳಿದರೆ ಮತ್ತೆ ಬದಲಾಗುತ್ತದೆ. ಆ ಏರಿಳಿತದ ನಡುವೆ ಮಾಡಿಸಿದ ಕನ್ನಡಕ ಕೆಲವು ವಾರಗಳಲ್ಲೇ ಹೊಂದದೆ ಹೋಗಬಹುದು. ಎರಡರಲ್ಲಿ ಯಾವುದು ಎಂಬುದನ್ನು ಕಣ್ಣು ನೋಡಿಯೇ ಹೇಳಬೇಕು.

ಇವೆರಡಕ್ಕಿಂತ ನನಗೆ ಹೆಚ್ಚು ಕಾಳಜಿ ಇರುವುದು ಅಕ್ಷಿಪಟಲದ್ದು, ಅಂದರೆ ಕಣ್ಣಿನ ಹಿಂಭಾಗದ ರೆಟಿನಾದ್ದು. ಹತ್ತು ವರ್ಷದ ಸಕ್ಕರೆ ಕಾಯಿಲೆ ಅಲ್ಲಿನ ಸಣ್ಣ ರಕ್ತನಾಳಗಳನ್ನು ಸೋರುವಂತೆ ಮಾಡಿರಬಹುದು. ಸೋರಿಕೆ ನಟ್ಟನಡುವಿನ ಭಾಗಕ್ಕೆ ಬರುವ ತನಕ ರೋಗಿ ಪಟ್ಟಿಯ ಕೊನೆಯ ಸಾಲನ್ನೂ ಓದುತ್ತಾರೆ, ನೋವೂ ಇರುವುದಿಲ್ಲ. ಅಕ್ಷರ ಓದಿಸಿ ನಂಬರು ಬರೆಯುವುದರಲ್ಲಿ ನಾನೆಷ್ಟೇ ನಿಪುಣಳಾದರೂ ಆ ಪಟ್ಟಿಯಿಂದ ಅದು ಗೊತ್ತಾಗದು. ಹನಿ ಹಾಕಿ, ಪಾಪೆ ಹಿಗ್ಗಿಸಿ, ಒಳಗೆ ನೋಡಬೇಕು. ಸಕ್ಕರೆ ಕಾಯಿಲೆ ಇರುವವರಿಗೆ ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆ ಆಗಲೇಬೇಕು. ಅಮ್ಮನಿಗೆ ಹನಿ ಹಾಕಿ ಕಣ್ಣು ನೋಡಿದ್ದು ಯಾವಾಗ ಎಂದು ಇವತ್ತೇ ಕೇಳಿ.

ನೇರಳೆ ಮರ:
ಮಸೂರ ಅವರು ಹೇಳಿದ್ದು ನಮ್ಮ ಮನೆಯಲ್ಲೇ ಆಗಿದೆ. ಅಪ್ಪ ದಿನವೂ ಪತ್ರಿಕೆ ಓದುತ್ತಿದ್ದರು, ಲೆಕ್ಕ ಬರೆಯುತ್ತಿದ್ದರು. ಒಂದು ಬೆಳಿಗ್ಗೆ ಎಡಗಣ್ಣಿನ ಮುಂದೆ ಕಪ್ಪು ಜೇಡರಬಲೆಯಂತೆ ಏನೋ ತೇಲುತ್ತಿದೆ ಎಂದರು. ಸಂಜೆಯ ಹೊತ್ತಿಗೆ ಆ ಕಣ್ಣಿಗೆ ಬೆಳಕು ಬಿಟ್ಟರೆ ಏನೂ ಕಾಣಲಿಲ್ಲ. ಸಕ್ಕರೆಯಿಂದ ಕಣ್ಣಿನೊಳಗೆ ರಕ್ತಸ್ರಾವವಾಗಿತ್ತು. ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಿ ದೃಷ್ಟಿ ಸ್ವಲ್ಪ ಮಟ್ಟಿಗೆ ಮರಳಿದೆ, ಬಲಗಣ್ಣಿಗೆ ಮುಂಚೆಯೇ ಲೇಸರ್ ಮಾಡಿ ಉಳಿಸಿದರು. ಅಲ್ಲಿ ಒಪಿಡಿ ಸಾಲು ಉದ್ದ, ಬೆಳಿಗ್ಗೆ ಬೇಗ ಹೋಗಬೇಕು, ಆದರೆ ಬಡವರಿಗೆ ದೊಡ್ಡ ಆಸರೆ. ನಿಮಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಹತ್ತಿರವಲ್ಲವೇ?

ಕೆಂಪುಮಣ್ಣು:
ನನಗೆ ಸಕ್ಕರೆ ಇಲ್ಲ, ಆ ಲೆಕ್ಕದಲ್ಲಿ ಹೇಳಿದೆ. ಮಸೂರ ಅವರೇ, ನನ್ನಂಥವರು ಅಂಗಡಿಯನ್ನು ನೆಚ್ಚಿಕೊಂಡಿರಬಹುದೇ?

ಮಸೂರ:
ಕನ್ನಡಕಕ್ಕಾದರೆ ಧಾರಾಳವಾಗಿ. ನಲವತ್ತು ದಾಟಿದ್ದರೆ ಒಮ್ಮೆ ಕಣ್ಣಿನ ಒತ್ತಡವನ್ನೂ ನರವನ್ನೂ ಪರೀಕ್ಷಿಸಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದ್ದರೆ ತಡ ಮಾಡಲೇಬೇಡಿ.

ಕೆಲವು ಸಂದರ್ಭಗಳಲ್ಲಿ ಅಂಗಡಿಗೂ ಬೇಡ, ಔಷಧಿ ಅಂಗಡಿಗೂ ಬೇಡ, ನೇರ ವೈದ್ಯರ ಬಳಿಗೇ ಹೋಗಬೇಕು. ಇದ್ದಕ್ಕಿದ್ದಂತೆ ಮಿಂಚು ಮಿಂಚಿದಂತಾಗುವುದು, ಒಂದು ಬದಿಯಿಂದ ಪರದೆ ಇಳಿದಂತೆ ಕಾಣುವುದು, ಕಣ್ಣು ಕೆಂಪಾಗಿ ನೋಯುವುದು. ಸುಣ್ಣ ಬಿದ್ದರೆ ಮೊದಲು ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಇರಬೇಕು, ಆಮೇಲೆ ಹೊರಡಬೇಕು. ಮಲೆನಾಡಿನವರು ನೀವಿರುವುದರಿಂದ ಇದನ್ನೂ ಹೇಳುತ್ತೇನೆ: ಭತ್ತದ ಗರಿಯೋ ಕಡ್ಡಿಯೋ ಕಣ್ಣಿಗೆ ತಗುಲಿದಾಗ ಯಾರೋ ಕೊಟ್ಟ ಸ್ಟೆರಾಯ್ಡ್ ಹನಿ ಹಾಕಿಕೊಳ್ಳಬೇಡಿ. ಗಾಯದಲ್ಲಿ ಶಿಲೀಂಧ್ರ ಸೇರಿದ್ದರೆ ಆ ಹನಿಯಿಂದ ಕಪ್ಪುಗುಡ್ಡೆಯ ಹುಣ್ಣು ಇನ್ನಷ್ಟು ಬೆಳೆಯುತ್ತದೆ.

ಶರಾವತಿ ತೀರ:
ಎಲ್ಲರಿಗೂ ಧನ್ಯವಾದ. ಈಗಷ್ಟೇ ಕೇಳಿದೆ, ಅಮ್ಮನಿಗೆ ಹನಿ ಹಾಕಿ ಯಾರೂ ನೋಡಿಯೇ ಇಲ್ಲವಂತೆ. ಶನಿವಾರ ನಾನೇ ಊರಿಗೆ ಹೋಗಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತೇನೆ. ಹನಿ ಹಾಕಿದ ಮೇಲೆ ಅದೇ ದಿನ ಬಸ್ಸಿನಲ್ಲಿ ವಾಪಸು ಬರಬಹುದೇ?

ಮಸೂರ:
ಬರಬಹುದು. ನಾಲ್ಕಾರು ಗಂಟೆ ಹತ್ತಿರದ್ದು ಮಸುಕಾಗಿರುತ್ತದೆ, ಬಿಸಿಲು ಚುಚ್ಚುತ್ತದೆ. ಕಪ್ಪು ಕನ್ನಡಕವೋ ಕೊಡೆಯೋ ಇರಲಿ, ಬಸ್ಸು ಹತ್ತಿಳಿಯುವಾಗ ಕೈ ಹಿಡಿದುಕೊಳ್ಳಿ. ಈಗಿನ ಕನ್ನಡಕ, ಅದಕ್ಕೂ ಹಿಂದಿನದು ಸಿಕ್ಕರೆ ಅದು, ಸಕ್ಕರೆ ಪರೀಕ್ಷೆಯ ಇತ್ತೀಚಿನ ವರದಿ, ನುಂಗುವ ಮಾತ್ರೆಗಳ ಚೀಟಿ ಎಲ್ಲವನ್ನೂ ಒಯ್ಯಿರಿ. ಪೊರೆಯ ಶಸ್ತ್ರಚಿಕಿತ್ಸೆ ಸದ್ಯಕ್ಕೆ ಬೇಡ, ಸಕ್ಕರೆಯೂ ಹತೋಟಿಯಲ್ಲಿದೆ ಎಂದು ವೈದ್ಯರು ಹೇಳಿದರೆ ನಂಬರನ್ನು ನಿಮ್ಮ ಪೇಟೆಯ ಆ ಆಪ್ಟೊಮೆಟ್ರಿಸ್ಟರಲ್ಲೇ ನೋಡಿಸಿ. ಆಸ್ಪತ್ರೆಯ ಚೀಟಿಯನ್ನು ಅವರಿಗೂ ತೋರಿಸಿ, ಮುಂದಿನ ಸಲ ಏನನ್ನು ಗಮನಿಸಬೇಕೆಂದು ಅವರಿಗೂ ತಿಳಿದಿರುತ್ತದೆ.