ಟರ್ಬೊ, ಬೂಸ್ಟು ಮತ್ತು ಅತ್ತೆಯ ಕುಕ್ಕರ್

ಮಂಗಳವಾರ ರಾತ್ರಿ ಎಂಟೂವರೆ ಹೊತ್ತಿಗೆ ಕುವೆಂಪುನಗರದ ಅತ್ತೆ ನಮ್ಮ ‘ಗುತ್ತಲು ಮನೆ’ ಗುಂಪಿಗೆ ಈ ಫಾರ್ವರ್ಡ್ ಹಾಕಿದರು.

“ಎಚ್ಚರಿಕೆ!! ಟರ್ಬೊ ಕಾರು ಇರುವವರು ತಪ್ಪದೆ ಓದಿ. ಟರ್ಬೊ ಒತ್ತಡ 2 ಬಾರ್ ದಾಟಿದರೆ ಎಂಜಿನ್ ಕುಕ್ಕರ್ ಥರ ಸಿಡಿಯುತ್ತದೆ. ಮಾಡಿಫೈ ಮಾಡಿಸಿದ ಕಾರಿಗೆ ಅಪಾಯ ಜಾಸ್ತಿ. ರಾತ್ರಿ ಮಲಗುವ ಮುಂಚೆ ಟರ್ಬೊ ಗಾಳಿ ಇಳಿಸಿ, ಬೆಳಗ್ಗೆ ಮತ್ತೆ ತುಂಬಿಸಿ. 10 ಜನಕ್ಕೆ ಕಳುಹಿಸಿ, ಜೀವ ಉಳಿಸಿ.”

ಕೆಳಗೆ ಅತ್ತೆಯ ಒಂದೇ ಸಾಲು: “ಮಂಜ, ನೋಡಪ್ಪ.”

ಅವರು ಅದನ್ನು ಹಾಕಿದ್ದು ಯಾಕೆ ಅಂತ ಎಲ್ಲರಿಗೂ ಗೊತ್ತು. ಮಂಜ ನಮ್ಮ ಚಿಕ್ಕಪ್ಪನ ಮಗ. ಅವನ ಹತ್ತಿರ ಹಳೆಯ ಡೀಸೆಲ್ ಸ್ವಿಫ್ಟ್ ಇದೆ. 1248 ಸಿಸಿ, ಕಂಪನಿಯಿಂದ ಬಂದಾಗ 75 ಕುದುರೆ ಶಕ್ತಿ. ಹೋದ ತಿಂಗಳು ಮೈಸೂರಿನ ರಿಂಗ್ ರೋಡ್ ಕಡೆಯ ಒಂದು ಗ್ಯಾರೇಜಿನಲ್ಲಿ ಅದಕ್ಕೆ ‘ಬೂಸ್ಟ್ ಕಂಟ್ರೋಲರ್’ (ಟರ್ಬೊ ತುಂಬುವ ಗಾಳಿಯ ಒತ್ತಡ, ಅಂದರೆ ಬೂಸ್ಟ್, ಏರಿಸುವ ಸಾಧನ) ಹಾಕಿಸಿ, ಬಾನೆಟ್ ಎತ್ತಿ ಫೋಟೊ ಹಾಕಿದ್ದ. ವೈರಮುಡಿಗೆ ಮೇಲುಕೋಟೆಗೆ ದೊಡ್ಡಪ್ಪ, ಅತ್ತೆ ಹೋಗಬೇಕಾಗಿದ್ದು ಅದೇ ಕಾರಿನಲ್ಲಿ.

ಗಾಳಿ ಇಳಿಸಿ ತುಂಬಿಸುವ ಆ ಸಾಲಿನ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಎಂಜಿನ್ ಆಫ್ ಆದ ಮೇಲೆ ಟರ್ಬೊದಲ್ಲಿ ಇಳಿಸೋಕೆ ಗಾಳಿ ಎಲ್ಲಿಂದ ಬರಬೇಕು? ಸೈಲೆನ್ಸರ್ ಕಡೆ ಹೋಗುವ ಹೊಗೆ ತಿರುಗಿಸಿದರೆ ಮಾತ್ರ ಅದರ ಚಕ್ರ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಆದರೆ ನಮ್ಮ ಗುಂಪಿನಲ್ಲಿ ಫಾರ್ವರ್ಡನ್ನು ಪೂರ್ತಿ ಓದುವುದು ಒಬ್ಬರೇ. ದೊಡ್ಡಪ್ಪನ ಮಗಳು, ನಮ್ಮ ಅಕ್ಕ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾರೆ.

ಅಕ್ಕ: “ಸೋರ್ಸ್?”

ಅತ್ತೆ: “ನಮ್ಮ ವಾಕಿಂಗ್ ಗುಂಪಿನಲ್ಲಿ ಬಂತಮ್ಮ.”

ಅಕ್ಕ: “ಅದು ಬಂದ ದಾರಿ ಅತ್ತೆ. ಸೋರ್ಸ್ ಅಲ್ಲ.”

ಅತ್ತೆ: “ಓದಿದವರು ನೀವು. ನಾನು ಒಳ್ಳೇದಕ್ಕೆ ಹಾಕಿದೆ.”

ಈ ನಾಲ್ಕು ಸಾಲು ನಮ್ಮ ಗುಂಪಿನಲ್ಲಿ ಬಿಸಿನೀರು, ಮೈದಾ, ಮೊಬೈಲ್ ಟವರ್ ಎಲ್ಲದರ ಬಗ್ಗೆಯೂ ಆಗಿಹೋಗಿವೆ. ವಿಷಯ ಮಾತ್ರ ಬೇರೆ.

ಅಷ್ಟರಲ್ಲಿ ಮಂಜ ಒಂದು ಸ್ಕ್ರೀನ್‌ಶಾಟ್ ಹಾಕಿದ. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಒಂದು ಚಿಕ್ಕ ಬ್ಲೂಟೂತ್ ಡಬ್ಬಿ ಸಿಕ್ಕಿಸಿದರೆ ಎಂಜಿನ್ನಿನ ಲೆಕ್ಕವೆಲ್ಲ ಫೋನಿನಲ್ಲಿ ಬರುತ್ತದಲ್ಲ, ಅದು. ದೊಡ್ಡದಾಗಿ 230 ಎಂದಿತ್ತು. “ನೋಡಿ, ಎಲ್ಲಾ ಕಂಟ್ರೋಲ್‌ನಲ್ಲಿದೆ” ಎಂದು ಬರೆದಿದ್ದ.

ಚಿಕ್ಕಪ್ಪ: “230ರಲ್ಲಿ ಓಡಿಸ್ತಿದ್ದೀಯೇನೋ??”

ದೊಡ್ಡಪ್ಪ ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಇದ್ದು ರಿಟೈರ್ ಆದವರು. ಅಲ್ಲಿಯವರೆಗೆ ಸುಮ್ಮನಿದ್ದರು. 230 ನೋಡಿದ್ದೇ ತಡ, ಉದ್ದಕ್ಕೆ ಬರೆದರು. “ಬೆಂಗಳೂರು ಮೈಸೂರು ರಸ್ತೆಯಲ್ಲಿ ಮಿತಿ ಇರುವುದೇ 100. 2023ರಲ್ಲಿ ಪ್ರಧಾನಿ ಬಂದು ನಮ್ಮ ಮಂಡ್ಯದಲ್ಲೇ ಉದ್ಘಾಟನೆ ಮಾಡಿದ ರಸ್ತೆ. ಅದೇ ವರ್ಷ ಆಗಸ್ಟ್‌ನಿಂದ ಬೈಕು, ಆಟೊ ಬಿಡಬೇಡಿ ಅಂದರು. ಯಾಕೆ? ಜೀವಕ್ಕೆ ಬೆಲೆ ಇದೆ ಅಂತ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. 75 ಕುದುರೆ ಸಾಲದು ಅಂದರೆ ದಸರಾಕ್ಕೇ ಹೋಗಬೇಕು.”

ಕೊನೆಯ ಸಾಲಿಗೆ ಐದಾರು ನಗುಮುಖ ಬಿದ್ದವು. ದೊಡ್ಡಪ್ಪ ತಮಾಷೆಗೆ ಹೇಳಿರಲಿಲ್ಲ.

ಅಕ್ಕ: “ಅಪ್ಪ, ಅದು ಸ್ಪೀಡ್ ಅಲ್ಲ. ಒತ್ತಡ. 230 ಕಿಲೋಪ್ಯಾಸ್ಕಲ್. ಅಂದ್ರೆ 2.3 ಬಾರ್.”

ಅತ್ತೆ: “ಹಂಗಾದ್ರೆ 2 ದಾಟಿದೆ!!”

ಇಲ್ಲಿಂದ ಅಕ್ಕ ಪಾಠಕ್ಕೆ ನಿಂತರು. ನನ್ನ ಮಟ್ಟಿಗೆ ಆ ರಾತ್ರಿಯ ಒಳ್ಳೆಯ ಮಾತುಗಳಲ್ಲಿ ಇದೂ ಒಂದು. ಆ್ಯಪ್ ತೋರಿಸುವುದು ಒಟ್ಟು ಒತ್ತಡ. ಅದರಲ್ಲಿ ನಮ್ಮ ಸುತ್ತ ಇರುವ ಗಾಳಿಯ ಒತ್ತಡವೂ ಸೇರಿದೆ. ಸಮುದ್ರದ ಮಟ್ಟದಲ್ಲಿ ಅದು 101ರ ಹತ್ತಿರ. ಮಂಡ್ಯ ಮೈಸೂರು ಎತ್ತರದಲ್ಲಿರುವುದರಿಂದ ಇಲ್ಲಿ 93ರ ಆಸುಪಾಸು. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ನೋಡಿದರೂ ಆ್ಯಪ್ ಅಷ್ಟು ತೋರಿಸುತ್ತದೆ. ಟರ್ಬೊ ಹೆಚ್ಚಿಗೆ ತುಂಬಿದ್ದು 230ರಲ್ಲಿ 93 ಕಳೆದರೆ ಉಳಿಯುವಷ್ಟು ಮಾತ್ರ, ಅಂದರೆ 1.37 ಬಾರ್. ಡ್ಯಾಶ್‌ಬೋರ್ಡ್ ಮೇಲೆ ಕೂರಿಸುವ ಬೂಸ್ಟ್ ಗೇಜ್ ತೋರಿಸುವುದು ಸಾಮಾನ್ಯವಾಗಿ ಈ ಎರಡನೆಯ ಲೆಕ್ಕ. ಫಾರ್ವರ್ಡ್‌ನ 2 ಬಾರ್ ಯಾವ ಲೆಕ್ಕದ್ದು ಅಂತಲೇ ಅದರಲ್ಲಿಲ್ಲ. ಹಾಗಾಗಿ ಆ ಸಾಲಿಗೆ ಅರ್ಥವೇ ಇಲ್ಲ. ಎಲ್ಲ ಎಂಜಿನ್ನಿಗೂ ಒಂದೇ ಮಿತಿ ಅನ್ನೋದಂತೂ ಇಲ್ಲವೇ ಇಲ್ಲ.

ಮಂಜ ಇದರಲ್ಲಿ ತನಗೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡ. “ಬರೀ 1.37 ಅತ್ತೆ. ಅಕ್ಕನೇ ಹೇಳಿದ್ರು ನೋಡಿ. ಫಾರ್ಮುಲಾ ಒನ್‌ನಲ್ಲಿ 1987ರಲ್ಲೇ 4 ಬಾರ್ ಬಿಡ್ತಿದ್ರು.”

ಅಕ್ಕ: “1988ರಲ್ಲಿ ಅದನ್ನೇ 2.5ಕ್ಕೆ ಇಳಿಸಿದ್ರು. 1989ಕ್ಕೆ ಟರ್ಬೊನೇ ಬೇಡ ಅಂದ್ರು. ಅದನ್ನೂ ಹೇಳು. ನಾನು ಸೇಫ್ ಅಂತ ಎಲ್ಲೂ ಹೇಳಿಲ್ಲ.”

ಅತ್ತೆ: “1.37 ಅಂದ್ರೂ ಜಾಸ್ತಿನೇ ಆಯ್ತಲ್ಲ? ನನ್ನ ಕುಕ್ಕರ್ ಮೇಲೆ 1 ಅಂತ ಬರೆದಿದೆ.”

ನಿಜ ಹೇಳಬೇಕೆಂದರೆ ಅತ್ತೆಯ ಈ ಮಾತು ದಡ್ಡತನದ್ದಲ್ಲ. ಮನೆಯ ಕುಕ್ಕರ್ ಕೆಲಸ ಮಾಡುವುದು ಹೆಚ್ಚುಕಡಿಮೆ ಒಂದು ಬಾರ್‌ನಲ್ಲೇ, ಅದೂ ಹೊರಗಿನ ಗಾಳಿಯನ್ನು ಬಿಟ್ಟು. ಯಾರಾದರೂ ಅಲ್ಲಿಂದ ಮುಂದುವರಿಸಿದ್ದರೆ ಚೆನ್ನಾಗಿತ್ತು. ಆದರೆ ಚಿಕ್ಕಮ್ಮ ಬಂದರು.

ಚಿಕ್ಕಮ್ಮ: “ಅತ್ತಿಗೆ, ನಿಮ್ಮ ಗೃಹಪ್ರವೇಶಕ್ಕೆ ನಾವು ಕೊಟ್ಟ ಕುಕ್ಕರ್ ಅಲ್ವಾ? ಇನ್ನೂ ಇಟ್ಕೊಂಡಿದ್ದೀರಲ್ಲ, ಸಂತೋಷ.”

ಅತ್ತೆ: “ಅದಲ್ಲ ಕಣಮ್ಮ. ನೀವು ಕೊಟ್ಟಿದ್ದು ಮೂರು ಲೀಟರ್‌ದು. ನಮ್ಮನೆಗೆ ಅದು ಸಾಲಲ್ಲ ಅಂತ ಬೇರೆಯವರಿಗೆ ಕೊಟ್ಬಿಟ್ಟೆ.”

ಚಿಕ್ಕಮ್ಮ ‘ಟೈಪಿಂಗ್’ ಎಂದು ಬಹಳ ಹೊತ್ತು ತೋರಿಸಿತು. ಕೊನೆಗೆ ಬಂದಿದ್ದು ಇಷ್ಟೇ: “ಸರಿ.”

ನಮ್ಮ ಮನೆಯಲ್ಲಿ ಈ ‘ಸರಿ’ಗೆ ಹೆದರದವರಿಲ್ಲ. ಚಿಕ್ಕಪ್ಪ ತಕ್ಷಣ ಹೆಂಡತಿ ಪರ ನಿಂತು, ಅತ್ತೆಗೆ ಮೊದಲಿಂದಲೂ ಮಂಜನ ಕಾರಿನ ಮೇಲೇ ಕಣ್ಣು ಎಂದರು. ಡೌನ್ ಪೇಮೆಂಟ್‌ಗೆ ಕೈಸಾಲ ಕೇಳಿದಾಗ ಯಾರು ಕೊಟ್ಟರು, ಯಾರು ಕೊಡಲಿಲ್ಲ ಅನ್ನುವುದೂ ಎದ್ದು ಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ. ಆ ಹಣದ ವಿಷಯ ಇನ್ನೂ ಬಗೆಹರಿದಿಲ್ಲ.

ಈ ಬಿಸಿಯಲ್ಲಿ ಪುಣೆಯಲ್ಲಿರುವ ಅತ್ತೆ ಮಗ ಒಂದು ಹಳೆಯ ಫೋಟೊ ಹಾಕಿದ. ದೊಡ್ಡಪ್ಪನ ಯಜ್ಡಿ. “ಟರ್ಬೊ ಗಿರ್ಬೊ ಏನೂ ಬೇಡ ಕಣ್ರೋ. ಇದು ಗಾಡಿ! ನಮ್ಮ ಯಾದವಗಿರೀಲಿ ಹುಟ್ಟಿದ್ದು. ಎರಡು ಸೈಲೆನ್ಸರ್. ಕಿಕ್ಕರ್‌ನೇ ಮುಂದಕ್ಕೆ ತಳ್ಳಿದ್ರೆ ಗೇರ್. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿಸ್ಕೊಂಡು ಮೂರು ಜನ ಕೆಆರ್‌ಎಸ್‌ಗೆ ಹೋಗಿದ್ದು ನೆನಪಿದ್ಯಾ?” ದೊಡ್ಡಪ್ಪ ಕರಗಿಹೋದರು. ಕಾರ್ಖಾನೆ 1961ರಲ್ಲಿ ಶುರುವಾಗಿದ್ದು, 1996ರಲ್ಲಿ ಮುಚ್ಚಿದ್ದು, ಮಹಾರಾಜರ ಬೆಂಬಲ, ಎಲ್ಲಾ ಬರೆದರು. ಆಮೇಲೆ ಆ ಯಜ್ಡಿಯನ್ನು ಮಾರಿದ್ದು ಯಾರು ಎಂಬ ಪ್ರಶ್ನೆ ಬಂತು. ಚಿಕ್ಕಪ್ಪ, “ಮಾರು ಅಂದಿದ್ದು ನೀವೇ ಅಣ್ಣ” ಎಂದರು. ದೊಡ್ಡಪ್ಪ, “ನಾನು ಹೇಳಿದ್ದು ರಿಪೇರಿ ಮಾಡಿಸು ಅಂತ” ಎಂದರು. ಇದು ಮುಗಿಯುವ ಮಾತಲ್ಲ, ಬಿಡಿ.

ಈ ಗಲಾಟೆಯ ಮಧ್ಯೆ ಮದ್ದೂರಿನ ಭಾವ ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದ್ದರು. ಭಾವನದು ಡೀಸೆಲ್ ಪಂಪು, ನಾಝಲ್ ರಿಪೇರಿ ಅಂಗಡಿ. ಕಬ್ಬಿನ ಟ್ರ್ಯಾಕ್ಟರ್‌ಗಳೇ ಜಾಸ್ತಿ ಬರುತ್ತವೆ. ಗುಂಪಿನಲ್ಲಿ ಅವರ ಮಾತು ಅಪರೂಪ, ಬರೆಯುವುದಂತೂ ಇಲ್ಲವೇ ಇಲ್ಲ. ಆ ವಾಯ್ಸ್ ಮೆಸೇಜನ್ನು ಯಾರಾದರೂ ಕೇಳಿದ್ದರೆ ಮುಂದಿನ ಒಂದು ಗಂಟೆ ಉಳಿಯುತ್ತಿತ್ತು.

ಭಾವ ಮೊದಲು ಹೇಳಿದ್ದು, ಸ್ಕ್ರೀನ್‌ಶಾಟಿನ ಕೆಳಗಡೆ ನೋಡಿ ಅಂತ. ನಾವೆಲ್ಲ 230 ನೋಡುತ್ತ ಕೂತಿದ್ದೆವು. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಪಿ0234 ಎಂದಿತ್ತು. ಟರ್ಬೊ ಹಾಕಬೇಕಾದ್ದಕ್ಕಿಂತ ಹೆಚ್ಚು ಒತ್ತಡ ಹಾಕುತ್ತಿದೆ ಅಂತ ಕಾರಿನ ಕಂಪ್ಯೂಟರೇ ಬರೆದುಕೊಂಡ ದೂರು ಅದು. “ಮಂಜ, ಹೋದ ವಾರ ಶ್ರೀರಂಗಪಟ್ಟಣದ ಹತ್ರ ಗಾಡಿ ಎಳೀಲಿಲ್ಲ, ಡೀಸೆಲ್ ಸರಿಯಿಲ್ಲ ಅಂದ್ಯಲ್ಲಾ, ಡೀಸೆಲ್ ಅಲ್ಲಪ್ಪ. ಹೆದರಿಕೊಂಡು ಅದೇ ಪವರ್ ಕಟ್ ಮಾಡಿದೆ.”

ಆಮೇಲೆ ಕುಕ್ಕರ್ ವಿಷಯ. ಕುಕ್ಕರಿನ ವೆಯ್ಟು ಜಾಸ್ತಿಯಾದ ಹಬೆಯನ್ನೇ ಹೊರಕ್ಕೆ ಬಿಡುತ್ತದೆ. ಟರ್ಬೊದಲ್ಲಿ ಹಾಗಲ್ಲ. ಅಲ್ಲಿ ಒತ್ತಡ ಹಿಡಿತದಲ್ಲಿಡುವುದು ವೇಸ್ಟ್‌ಗೇಟ್ ಎಂಬ ಒಂದು ಚಿಕ್ಕ ಬಾಗಿಲು. ಅದು ಇರುವುದು ಹೊಗೆಯ ಕಡೆ. ಬಾಗಿಲು ತೆರೆದರೆ ಸ್ವಲ್ಪ ಹೊಗೆ ಟರ್ಬೊದ ಚಕ್ರವನ್ನು ಮುಟ್ಟದೆ ಪಕ್ಕದಿಂದ ಹೋಗುತ್ತದೆ. ಚಕ್ರ ನಿಧಾನವಾಗುತ್ತದೆ, ಗಾಳಿ ತುಂಬುವುದೂ ಕಮ್ಮಿಯಾಗುತ್ತದೆ. ಬಾಗಿಲಿಗೆ ಒಂದು ಸ್ಪ್ರಿಂಗು, ಒಂದು ಡಯಾಫ್ರಾಮ್, ಅಂದರೆ ಒತ್ತಿದರೆ ಬಾಗುವ ತೆಳು ಪೊರೆ. ಟರ್ಬೊ ತುಂಬಿದ ಗಾಳಿಯದೇ ಒಂದು ಪಾಲು ತೆಳು ರಬ್ಬರ್ ಹೋಸಿನಲ್ಲಿ ಬಂದು ಆ ಡಯಾಫ್ರಾಮನ್ನು ತಳ್ಳಬೇಕು. ಆಗ ಬಾಗಿಲು ತೆರೆಯುತ್ತದೆ.

ಗ್ಯಾರೇಜಿನವರು ಹಾಕಿದ ‘ಕಂಟ್ರೋಲರ್’ ಅಂದರೆ ಆ ಹೋಸಿನ ಮಧ್ಯೆ ಕೂರಿಸಿದ ಒಂದು ಹಿತ್ತಾಳೆ ಟಿ ಪೀಸು, ಅದಕ್ಕೊಂದು ಸ್ಕ್ರೂ. ಸ್ಕ್ರೂ ತಿರುಗಿಸಿದರೆ ಸ್ವಲ್ಪ ಗಾಳಿ ಹೊರಗೆ ಸೋರುತ್ತದೆ. ಡಯಾಫ್ರಾಮಿಗೆ ನಿಜವಾದ ಒತ್ತಡ ಗೊತ್ತಾಗುವುದಿಲ್ಲ. ಬಾಗಿಲು ತಡವಾಗಿ ತೆರೆಯುತ್ತದೆ, ಅಷ್ಟರೊಳಗೆ ಬೂಸ್ಟ್ ಏರಿರುತ್ತದೆ. ಅಷ್ಟೇ ವಿದ್ಯೆ. ಅದಕ್ಕೇ ಭಾವ ಒಂದು ಮಾತನ್ನು ಎರಡು ಸಲ ಹೇಳಿದರು: ಆ ಹೋಸು ಬಿರುಕು ಬಿಟ್ಟರೆ, ಕಳಚಿಕೊಂಡರೆ, ಒತ್ತಡ ಇಳಿಯುವುದಿಲ್ಲ, ಏರುತ್ತದೆ. ಟರ್ಬೊ ತುಂಬಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ದಪ್ಪ ಹೋಸು ಕಳಚಿದರೆ ಮಾತ್ರ ಬೂಸ್ಟ್ ಬಿದ್ದುಹೋಗಿ ಕಪ್ಪು ಹೊಗೆ ಬರುತ್ತದೆ. ಎರಡಕ್ಕೂ ಹೋಸ್ ಲೀಕ್ ಅಂತಲೇ ಹೇಳುತ್ತಾರೆ, ಆಗುವುದು ಒಂದಕ್ಕೊಂದು ಉಲ್ಟಾ.

ಇನ್ನೂ ಮುಖ್ಯವಾದದ್ದು: “ಪೆಟ್ರೋಲ್ ಗಾಡಿಗೆ ಬೂಸ್ಟ್ ಏರಿಸಿದ್ರೆ ಪವರ್ ಬರುತ್ತೆ, ಮಿತಿ ಮೀರಿದ್ರೆ ನಾಕ್ ಆಗಿ, ಅಂದ್ರೆ ಪೆಟ್ರೋಲ್ ತಾನಾಗೇ ಹೊತ್ತಿ ಬಡಿದು, ಪಿಸ್ಟನ್ ಹೋಗುತ್ತೆ. ಡೀಸೆಲ್‌ನಲ್ಲಿ ಪವರ್ ಕೊಡೋದು ಡೀಸೆಲ್. ಬರೀ ಗಾಳಿ ಜಾಸ್ತಿ ಮಾಡಿದ್ರೆ ಏನು ಸಿಗುತ್ತೆ? ಮ್ಯಾಪ್ ಮಾಡಿಸದೆ, ಅಂದ್ರೆ ಕಂಪ್ಯೂಟರಿನಲ್ಲಿ ಡೀಸೆಲ್ ಲೆಕ್ಕ ಬದಲಾಯಿಸದೆ, ಸ್ಕ್ರೂ ಒಂದೇ ತಿರುಗಿಸಿದ್ರೆ ಟರ್ಬೊಗೆ, ಹೆಡ್ ಗ್ಯಾಸ್ಕೆಟ್‌ಗೆ ಸುಮ್ನೆ ಹೊರೆ. ಟಿ ಪೀಸ್ ಹಾಕೋ ಮುಂಚೆ ಎಷ್ಟು ತೋರಿಸ್ತಿತ್ತು? ಅದು ಹೇಳು ಮೊದಲು.”

ಇಡೀ ಚರ್ಚೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಇದೊಂದೇ. 2 ಬಾರೋ 1.37ಓ ಅಲ್ಲ. ಆ ಎಂಜಿನ್ನಿಗೆ ಕಂಪನಿ ಎಷ್ಟು ಇಟ್ಟಿತ್ತು, ಈಗ ಎಷ್ಟಾಗಿದೆ ಅನ್ನುವುದು.

ನಾನು ಅದನ್ನು ಮೂರು ಸಾಲಿನಲ್ಲಿ ಟೈಪ್ ಮಾಡಿ ಹಾಕಿದೆ. ಮಂಜ ಮೊದಲ ಸಲ ತಡಮಾಡಿ ಉತ್ತರ ಕೊಟ್ಟ. “ಮುಂಚೆ ನೋಡಿರಲಿಲ್ಲ ಭಾವ. ಆ ಡಬ್ಬಿ ಆಮೇಲೆ ತಗೊಂಡಿದ್ದು.”

ಅಕ್ಕ ಬಿಡಲಿಲ್ಲ. “ಹಳೇ ರೀಡಿಂಗ್ ಇಲ್ಲದೆ ಕಂಟ್ರೋಲ್‌ನಲ್ಲಿದೆ ಅಂತ ಹೆಂಗೆ ಬರೆದೆ?” ಎಂದು ಕೇಳಿ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನನ್ನೂ ಎತ್ತಿದರು. ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ, ನಾಳೆ ಏನಾದರೂ ಆದರೆ ಇನ್ಶೂರೆನ್ಸಿನವರು ತಕರಾರು ತೆಗೆಯುತ್ತಾರೆ ಎಂದರು. ಮಂಜ, ಅಕ್ಕ ಯಾವಾಗಲೂ ತನ್ನೊಬ್ಬನಿಗೇ ಕ್ಲಾಸ್ ತೆಗೆದುಕೊಳ್ಳುತ್ತಾರೆ ಎಂದು ಬೇಜಾರು ಮಾಡಿಕೊಂಡ. ಚಿಕ್ಕಮ್ಮ ಅದಕ್ಕೆ ಹೆಬ್ಬೆರಳು ಒತ್ತಿದರು. ದೊಡ್ಡಪ್ಪ ಮಗಳಿಗೇ ಬುದ್ಧಿ ಹೇಳಿದರು. “ಚಿಕ್ಕವನ ಹತ್ರ ನಯವಾಗಿ ಹೇಳಬೇಕಮ್ಮ. ನಮ್ಮ ಕಾಲದ ಗಾಡೀಲಿ ಟರ್ಬೊನೇ ಇರಲಿಲ್ಲ, ಈ ತೊಂದರೆನೂ ಇರಲಿಲ್ಲ.”

ಭಾವ ಇದಕ್ಕೆ ಮಾತ್ರ ಬರೆದೇ ಉತ್ತರ ಕೊಟ್ಟರು: “ನೀವು ರಿಟೈರ್ ಆಗೋ ಹೊತ್ತಿಗೆ ನಿಮ್ಮ ಡಿಪೋ ಬಸ್ಸುಗಳಲ್ಲೂ ಟರ್ಬೊ ಇತ್ತು ಮಾವ.”

ದೊಡ್ಡಪ್ಪ ಓದಿದರು. ನೀಲಿ ಗೀಟು ಬಿತ್ತು. ಉತ್ತರ ಬರಲಿಲ್ಲ.

ಶನಿವಾರ ಮಂಜ ಯಾರಿಗೂ ಹೇಳದೆ ಮದ್ದೂರಿಗೆ ಹೋಗಿ ಬಂದ. ಭಾವ ನನಗೆ ಫೋನಿನಲ್ಲಿ ಹೇಳಿದ್ದು: ಹೋಸಿನ ತುದಿ ಸೀಳಿತ್ತು. ಟಿ ಪೀಸ್ ತೆಗೆದು ಹೊಸ ಹೋಸು ನೇರವಾಗಿ ಹಾಕಿ, ಎರಡು ಕಡೆಯೂ ಕ್ಲಿಪ್ಪು ಬಿಗಿದು, ಕೋಡ್ ಅಳಿಸಿ, ಪಕ್ಕದಲ್ಲಿ ಕೂತು ಓಡಿಸಿ ನೋಡಿದರಂತೆ. ಈಗ 200 ಮುಟ್ಟುತ್ತಿಲ್ಲ, ಕೋಡೂ ಬಂದಿಲ್ಲ. ಆ ಹಿತ್ತಾಳೆ ಪೀಸನ್ನು ಮಂಜ ಬಿಸಾಕಲಿಲ್ಲ, ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟುಕೊಂಡಿದ್ದಾನೆ. ಅದನ್ನು ಮತ್ತೆ ಹಾಕಿಸುತ್ತಾನೆ ಅಂತಲೇ ನನ್ನ ಅನುಮಾನ.

ಗುಂಪಿನಲ್ಲಿ ಇದ್ಯಾವುದೂ ಬಂದಿಲ್ಲ. ಅಲ್ಲಿ ಭಾನುವಾರ ಅತ್ತೆ ಬರೆದರು: “ನಾನೂ ಅಣ್ಣನೂ ಮೇಲುಕೋಟೆಗೆ ಬಸ್ಸಲ್ಲೇ ಹೋಗ್ತೀವಿ. ಮಂಜ ಬಸ್ ಸ್ಟ್ಯಾಂಡ್ ತನಕ ಬಿಟ್ರೆ ಸಾಕು. ಅಷ್ಟು ದೂರಕ್ಕೆ ಏನೂ ಆಗಲ್ಲ.”

ಚಿಕ್ಕಮ್ಮ: “ಸರಿ.”